ನಾಲ್ಕು ಹೆಬ್ಬೆಟ್ಟು, ಒಂದೇ ಶಾಯಿ

ವಿದೇಶಿ ನೆರವಿನ ಕ್ಷಯರೋಗ ಯೋಜನೆಯೊಂದರಲ್ಲಿ ನಾನು ಗದಗ ಜಿಲ್ಲೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಗ, ಆಡಿಟ್‌ಗೆ ಬಂದವರೊಬ್ಬರು ಮುಂಡರಗಿ ಕಡೆಯ ಹಳ್ಳಿಯ ರೋಗಿ ಹೆಣ್ಣುಮಗಳೊಬ್ಬಳ ಬಸ್ ಚಾರ್ಜಿನ ವೋಚರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕೂ ಹೆಬ್ಬೆಟ್ಟುಗಳ ಎಡಬದಿ ಒಂದೇ ರೀತಿ ಮಸುಕಾಗಿತ್ತು. ಒಂದೇ ದಿನ, ಒಂದೇ ಸ್ಟ್ಯಾಂಪ್ ಪ್ಯಾಡಿನಿಂದ ಒತ್ತಿಸಿದ್ದೆಂಬುದು ಎದ್ದು ಕಾಣುತ್ತಿತ್ತು. ಅವರು ಏನೂ ಕೇಳಲಿಲ್ಲ, ಕನ್ನಡಕ ತೆಗೆದು ನನ್ನತ್ತ ನೋಡಿದರು ಅಷ್ಟೆ. ಆ ಮೌನವನ್ನು ತಾಳಲಾರದೆ, ‘ಇದು ನಮ್ಮ ಫೀಲ್ಡ್ ವರ್ಕರನ ಕೆಲಸ, ಇಂದೇ ನೋಟಿಸ್ ಕೊಡುತ್ತೇವೆ’ ಎಂದುಬಿಟ್ಟೆ. ಸಂಜೆಯೊಳಗೆ ಕೊಟ್ಟೆ ಕೂಡ.

ನಮ್ಮನ್ನು ಪಳಗಿಸಿದ್ದೇ ಹಾಗೆ. ಏಡ್ಸ್, ಕ್ಷಯ, ಮಲೇರಿಯಾ ತಡೆಗೆ ನೆರವು ನೀಡುವ ಜಿನೀವಾದ ಗ್ಲೋಬಲ್ ಫಂಡ್ ಕೊಟ್ಟ ಹಣ ಮಾಲಿ, ಮಾರಿಟೇನಿಯಾ ಮೊದಲಾದ ದೇಶಗಳಲ್ಲಿ ದುರ್ಬಳಕೆಯಾದ ಸುದ್ದಿ 2011ರಲ್ಲಿ ಹರಡಿ, ಜರ್ಮನಿ, ಸ್ವೀಡನ್ ತಮ್ಮ ಪಾಲನ್ನು ತಡೆಹಿಡಿದ ಕಥೆ ಪ್ರತಿ ತರಬೇತಿಯಲ್ಲೂ ಬರುತ್ತಿತ್ತು. ಆ ದುರ್ಬಳಕೆಯನ್ನು ಪತ್ತೆಹಚ್ಚಿದ್ದು ಫಂಡಿನದೇ ತನಿಖಾ ಕಚೇರಿ ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಮರುದಿನ ಹಳ್ಳಿಗೆ ಹೋದಾಗ ಆ ಹೆಣ್ಣುಮಗಳು ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ‘ರೊಕ್ಕ ಪೂರಾ ಮುಟ್ಟೇತ್ರೀ ಸರ. ಆದ್ರ ನಾಕೂ ತಿಂಗಳದ್ದು ಒಮ್ಮೆಲೇ ಬಂತ್ರೀ. ಅಲ್ಲೀತನಾ ಬಡ್ಡೀಲೆ ಸಾಲಾ ತಂದು ದವಾಖಾನಿಗೆ ಹೋಗೇನ್ರೀ’ ಎಂದಳು.

ತ್ರೈಮಾಸಿಕ ವರದಿ ನಮ್ಮಿಂದ ತಡವಾಗಿ ಹೋಗಿದ್ದರಿಂದ ಮೇಲಿನವರು ಕಂತು ಬಿಟ್ಟಿರಲಿಲ್ಲ. ಏಪ್ರಿಲ್ ಕೊನೆಗೆ ಹಣ ಕೈಸೇರಿದ ದಿನವೇ ನಮ್ಮ ಫೀಲ್ಡ್ ವರ್ಕರ್ ಹುಡುಗ ಅದನ್ನು ಹಂಚಿದ್ದ. ‘ಆಯಾ ತಿಂಗಳ ಖರ್ಚಿಗೆ ಆಯಾ ತಿಂಗಳ ತಾರೀಖೇ ಇರಬೇಕು’ ಎಂದು ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದವನು ನಾನೇ. ಸುಳ್ಳು ತಾರೀಖು ಅವನ ಕೈಬರಹದಲ್ಲಿತ್ತು, ಆದೇಶ ನನ್ನದಾಗಿತ್ತು.

ನೆರವು ಕೊಡುವವರೂ ಪಡೆಯುವವರೂ ಪರಸ್ಪರ ಉತ್ತರದಾಯಿಗಳು, ಹಣ ಹೊತ್ತಿಗೆ ಸರಿಯಾಗಿ ಬಿಡುಗಡೆಯಾಗಬೇಕು ಎಂದು 2005ರ ಪ್ಯಾರಿಸ್ ಘೋಷಣೆಯಲ್ಲಿದೆ. ನಮ್ಮ ಫಾರ್ಮ್ಯಾಟುಗಳಲ್ಲಿ ರೋಗಿಯ ಹೆಬ್ಬೆಟ್ಟಿಗೆ ಮೂರು ಕಡೆ ಜಾಗವಿತ್ತು. ಕಂತು ಯಾರಿಂದ, ಎಷ್ಟು ದಿನ ತಡವಾಯಿತು ಎಂದು ಬರೆಯಲು ಒಂದು ಕಾಲಂ ಇರಲಿಲ್ಲ. ಈಗ ನಾನು ಹಣ ಕೊಟ್ಟ ದಿನದ ತಾರೀಖನ್ನೇ ಬರೆಸುತ್ತೇನೆ, ತಡವಾದ ಕಾರಣವನ್ನು ವೋಚರಿನ ಬೆನ್ನಿಗೆ ನಾನೇ ಬರೆದು ಸಹಿ ಹಾಕುತ್ತೇನೆ. ಪ್ರತಿ ಆಡಿಟ್‌ನಲ್ಲೂ ಇದಕ್ಕೆ ತಕರಾರು ಬರುತ್ತದೆ, ಬರಲಿ.

ನೋಟಿಸ್ ಹಿಂಪಡೆದೆ, ಆದರೆ ಆ ಹುಡುಗ ನನ್ನೊಡನೆ ಕುಳಿತು ಚಹಾ ಕುಡಿಯುವುದನ್ನು ಬಿಟ್ಟ. ಆ ಹೆಣ್ಣುಮಗಳು ಕಟ್ಟಿದ ಬಡ್ಡಿಯನ್ನು ಯಾವ ಹೆಡ್‌ನಲ್ಲಿ ತೋರಿಸಲಿ ಎಂದು ಹುಬ್ಬಳ್ಳಿ ಕಚೇರಿಗೆ ಬರೆದೆ. ‘ನಾಟ್ ಅಲೋವೆಬಲ್’ ಎಂಬ ಒಂದೇ ಸಾಲು ಬಂತು.