ಗಾಳ ಮನೆಯಲ್ಲಿಟ್ಟು ಹೊಳೆಗೆ ಹೋದೆ

ಮೂರು ತಿಂಗಳು ಕೊಡಗಿನ ಕೂಡಿಗೆ ಊರಿನ ಹತ್ತಿರ ಹೊಳೆಯಲ್ಲಿ ಗಾಳ ಹಾಕಿ ನನಗೆ ಸಿಕ್ಕಿದ್ದು ಬೆರಳುದ್ದದ ನಾಲ್ಕು ಮೀನು. ರಾಡು, ರೀಲು ಎಲ್ಲಾ ಆನ್‌ಲೈನಲ್ಲಿ ತರಿಸಿದ್ದೆ. ನನ್ನಿಂದ ಇಪ್ಪತ್ತು ಹೆಜ್ಜೆ ಆಚೆ ಬಿದಿರು ಕೋಲು ಹಿಡಿದು ಕೂರುವ ಒಬ್ಬ ಅಣ್ಣ ಮಾತ್ರ ಪ್ರತಿ ಸಲ ಸಾರಿಗಾಗುವಷ್ಟು ಹಿಡಿದು ಹೋಗುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತಾ?

ಒಂದು ಭಾನುವಾರ ರಾಡು ಮನೆಯಲ್ಲೇ ಬಿಟ್ಟು ಸುಮ್ನೆ ಅವರ ಹಿಂದೆ ಬಂಡೆ ಮೇಲೆ ಕೂತೆ.

ಮೊದಲು ಕಂಡಿದ್ದು, ಅವರು ಬಂದ ತಕ್ಷಣ ಗಾಳ ಹಾಕುವುದೇ ಇಲ್ಲ. ಬೀಡಿ ಹಚ್ಚಿ ನೀರು ನೋಡುತ್ತಾರೆ. ಆಮೇಲೆ ನಾನು ಎಸೆಯುತ್ತಿದ್ದ ನಡುಹೊಳೆಗಲ್ಲ, ಜೋರು ನೀರು ಬಂಡೆಗೆ ಬಡಿದು ಹಿಂದೆ ನಿಧಾನವಾಗಿ ಸುತ್ತುತ್ತದಲ್ಲ, ಆ ಎರಡೂ ಸೇರುವ ಗೆರೆಗೆ ಸದ್ದಿಲ್ಲದೆ ಇಳಿಸುತ್ತಾರೆ. ಹೊಳೆಯಲ್ಲಿ ತೇಲಿ ಬರುವ ಹುಳ ಹುಪ್ಪಟೆ ಅಲ್ಲಿಗೇ ಬರುತ್ತದೆ, ಮೀನಿಗೆ ಈಜುವ ಕಷ್ಟವೂ ಇಲ್ಲ. ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಕುಣಿದರೂ ಅವರ ಕೈ ಅಲುಗುವುದಿಲ್ಲ. ಕುಣಿಸುವುದು ಸಣ್ಣ ಮೀನು. ಬೆಂಡು ಒಂದೇ ಕಡೆಗೆ ಸರಿದು ಮುಳುಗಿದಾಗ ಮಾತ್ರ ಮಣಿಕಟ್ಟು ಮೇಲೆದ್ದಿತು, ಅದೂ ಒಂದು ಗೇಣು ಅಷ್ಟೇ! ನಾನಾದರೆ ಕುಣಿದ ಕೂಡಲೇ ಮರ ಕೀಳುವವನ ಹಾಗೆ ಎಳೆದು ಎರೆಹುಳ ಕಳೆದುಕೊಳ್ಳುತ್ತಿದ್ದೆ.

ಗಾಳಕ್ಕೆ ಸಿಕ್ಕಿಸುವ ರಾಗಿ ಉಂಡೆ ವಿಷಯ ಮಾತ್ರ ನೋಡಿ ಗೊತ್ತಾಗಲಿಲ್ಲ, ಕೇಳಿದೆ. ನನ್ನದು ನೀರಿಗೆ ಬಿದ್ದ ಎರಡೇ ನಿಮಿಷಕ್ಕೆ ಕರಗುತ್ತಿತ್ತು.

"ಅಣ್ಣ, ಎಷ್ಟು ಹೊತ್ತು ಬೇಯಿಸ್ತೀರಿ?"

"ಹೊತ್ತು ಯಾರು ನೋಡ್ತಾರೆ ಮಾರಾಯ, ಕೈಗೆ ಅಂಟಬಾರದು."

ಇನ್ನೊಂದು ದಿನ ಅವರ ಗಾಳಕ್ಕೆ ಬಿಳಿ ಮೀನಿನ ಮರಿಯೊಂದು ಬಿತ್ತು. ಅದೇ ಮಹಶೀರ್. ಕಾವೇರಿ ಮತ್ತು ಅದರ ಉಪನದಿ ಬಿಟ್ಟು ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್‌ ಅನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಇದು ಆ ಜಾತಿಯದೋ ಅಲ್ಲವೋ, ಅವರು ಲೆಕ್ಕ ಹಾಕುತ್ತಾ ಕೂರಲಿಲ್ಲ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಎತ್ತದೆಯೇ ಗಾಳ ಬಿಡಿಸಿ, ತಲೆ ನೀರು ಬರುವ ಕಡೆಗೆ ತಿರುಗಿಸಿ ಹಿಡಿದರು. ಅದು ತಾನಾಗೇ ಒದ್ದುಕೊಂಡು ಹೋಗುವ ತನಕ ಕೈ ಬಿಡಲಿಲ್ಲ. ಒಣಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಮೀನಿಗೆ ಹುಣ್ಣಾಗುತ್ತದೆ. ನಾನು ಫೋಟೋ ತೆಗೆಯಲು ಮೊಬೈಲ್ ಎತ್ತಿದ್ದೆ, ಸುಮ್ನೆ ಜೇಬಿಗೆ ಹಾಕಿಕೊಂಡೆ.

ತುಂಬಾ ದಿನ ಅರ್ಥವಾಗದೆ ಇದ್ದದ್ದು ನೀರಂಚಿಗೆ ಅವರು ನೆಡುವ ಕಡ್ಡಿ. ಏನೋ ಹರಕೆ ಇರಬೇಕು ಅಂದುಕೊಂಡಿದ್ದೆ. ಇಲ್ಲಿ ಹಾರಂಗಿ ಬಂದು ಕಾವೇರಿಗೆ ಸೇರುತ್ತದೆ, ಮೇಲೆ ಅಣೆಕಟ್ಟೆಯಲ್ಲಿ ನೀರು ಬಿಟ್ಟರೆ, ಅಥವಾ ಭಾಗಮಂಡಲ ಕಡೆ ಮಳೆ ಹೊಡೆದರೆ, ನಮ್ಮ ತಲೆ ಮೇಲೆ ಬಿಸಿಲಿದ್ದರೂ ಹೊಳೆ ಏರುತ್ತದೆ. ಕಡ್ಡಿ ಎಷ್ಟು ಮುಳುಗಿತು ಅಂತ ಅವರು ಆಗಾಗ ಓರೆಗಣ್ಣಲ್ಲಿ ನೋಡುತ್ತಿದ್ದರು.

ಈಗ ನಾನೂ ಒಂದು ನೆಡುತ್ತೇನೆ. ಹೋದ ವಾರ ಅದು ಎರಡು ಬೆರಳು ಮುಳುಗಿದ್ದು ನೋಡಿ ಗಡಿಬಿಡಿಯಲ್ಲಿ ಸಾಮಾನು ಕಟ್ಟಿ ತಲೆ ಎತ್ತಿದರೆ, ಅಣ್ಣ ಆಗಲೇ ದಡ ಹತ್ತಿ ಚೀಲ ಹೆಗಲಿಗೆ ಹಾಕಿಕೊಂಡಿದ್ದರು.