ಹೆಸರಘಟ್ಟ ರಸ್ತೆಯ ಸುದ್ದಿಗಳು: ಕೆಲಸ ಎಲ್ಲಿಗೆ ಬಂತು

ಕನ್ನಡ ಸುದ್ದಿಗಳಲ್ಲಿ ಆಫ್ರಿಕಾದವರ ಬಗ್ಗೆ ಏನು ಬರೆಯುತ್ತಾರೆ, ಅದರ ಕೆಳಗೆ ಜನ ಏನು ಕಾಮೆಂಟ್ ಹಾಕುತ್ತಾರೆ ಅಂತ ಕೂಡಿಡುವ ಕೆಲಸ ಸ್ವಲ್ಪ ಮುಂದೆ ಹೋಗಿದೆ. ಎಲ್ಲ ವರ್ಷಗಳದ್ದನ್ನೂ ಜಾಲಾಡುವುದು ಒಬ್ಬರ ಕೈಲಿ ಆಗುವ ಕೆಲಸ ಅಲ್ಲ. ಹಾಗಾಗಿ ಸದ್ಯಕ್ಕೆ ಒಂದೇ ಘಟನೆ ಹಿಡಿದು ಕೂತಿದ್ದೇನೆ. 2016ರ ಜನವರಿ 31, ಬೆಂಗಳೂರಿನ ಹೆಸರಘಟ್ಟ ರಸ್ತೆ.

ಮರೆತವರಿಗೆ: ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಅಲ್ಲಿನ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ 21 ವರ್ಷದ ವಿದ್ಯಾರ್ಥಿನಿ ಮತ್ತು ಅವರ ಗೆಳೆಯರನ್ನು ಗುಂಪೊಂದು ಹಿಡಿದು ಹೊಡೆಯಿತು. ಅವರ ಕಾರಿಗೆ ಬೆಂಕಿ ಹಚ್ಚಿತು. ಅಪಘಾತ ಮಾಡಿದವನ ಪರಿಚಯವೇ ಇವರಿಗೆ ಇರಲಿಲ್ಲ. ದೇಶಕ್ಕೆಲ್ಲ ಸುದ್ದಿ ಮುಟ್ಟಿದ್ದು ಎರಡು ಮೂರು ದಿನ ಕಳೆದ ಮೇಲೆ. ಆಗ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಟ್ವೀಟ್ ಮಾಡಿದ್ದು, ಟಾಂಜಾನಿಯಾದ ಹೈಕಮಿಷನರ್ ಬೆಂಗಳೂರಿಗೆ ಬಂದದ್ದು ಎಲ್ಲ ಆಮೇಲೆ. ಆಗ ಗೃಹ ಸಚಿವರಾಗಿದ್ದ ಜಿ. ಪರಮೇಶ್ವರ್, ಇದು ಜನಾಂಗೀಯ ದಾಳಿ ಅಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಅಂದರು.

ನನ್ನ ಎಕ್ಸೆಲ್ ಶೀಟಿನ ಕಾಲಂಗಳು ಹುಟ್ಟಿದ್ದೇ ಈ ಹೇಳಿಕೆಯಿಂದ. ವರದಿಯಲ್ಲಿ ಮೊದಲು ಬರುವುದು ಅಪಘಾತವೋ ದಾಳಿಯೋ? ಅಪಘಾತ ಮಾಡಿದವನಿಗೂ ಹೊಡೆತ ತಿಂದವರಿಗೂ ಸಂಬಂಧ ಇಲ್ಲ ಅನ್ನೋದು ಎಷ್ಟನೇ ಪ್ಯಾರಾದಲ್ಲಿ ಬರುತ್ತದೆ, ಅಥವಾ ಬರುವುದೇ ಇಲ್ಲವೋ? ಮಾತಾಡಿದವರು ಯಾರು: ಪೊಲೀಸರಾ, ಊರಿನವರಾ, ಹೊಡೆತ ತಿಂದವರಾ? ಶುರುವಲ್ಲೇ ಅಪಘಾತ ಇಟ್ಟು, ಅದಕ್ಕೆ ‘ರೊಚ್ಚಿಗೆದ್ದ ಜನ’ ಅಂತ ಅಂಟಿಸಿ, ಆಮೇಲೆ ಹೊಡೆದದ್ದನ್ನು ಹೇಳಿದರೆ ಓದುವವರಿಗೆ ಎರಡೂ ಒಂದೇ ಜಗಳ ಅನಿಸಿಬಿಡುತ್ತದೆ, ಸುಳ್ಳು ಒಂದೂ ಇಲ್ಲದೆ ಸಚಿವರ ವಾದ ತಾನಾಗಿಯೇ ಗೆದ್ದುಬಿಡುತ್ತದೆ. ಆ ಎರಡು ಕಾರುಗಳಲ್ಲಿ ಇದ್ದವರಿಗೆ ಗುಂಪಿನ ಕಣ್ಣಲ್ಲಿ ಇದ್ದ ನಂಟು ಮೈಬಣ್ಣ ಒಂದೇ ಅಲ್ವಾ. ಅದನ್ನು ಬಿಟ್ಟು ಬೇರೆ ಏನನ್ನು ಜನಾಂಗೀಯ ಅನ್ನಬೇಕೋ ನನಗಂತೂ ಗೊತ್ತಿಲ್ಲ.

ಸೋಷಿಯಲ್ ಮೀಡಿಯಾದ ಭಾಗ ಕುಂಟುತ್ತಿದೆ. ಟ್ವಿಟರ್‌ನವರು 2023ರಲ್ಲಿ ಸಂಶೋಧಕರಿಗಿದ್ದ ಉಚಿತ ಎಪಿಐ (ಪೋಸ್ಟ್‌ಗಳನ್ನು ಪ್ರೋಗ್ರಾಂ ಮೂಲಕ ಒಟ್ಟಿಗೆ ಪಡೆಯುವ ದಾರಿ) ನಿಲ್ಲಿಸಿದರು. ಫೇಸ್‌ಬುಕ್ ಪೋಸ್ಟ್ ಹುಡುಕಲು ಇದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಹಾಗಾಗಿ ಎಲ್ಲ ಕೈಕೆಲಸ. ಪುಟ ತೆಗೆ, ಸ್ಕ್ರೀನ್‌ಶಾಟ್ ಹೊಡಿ, ಕಾಮೆಂಟ್ ಹಾಕಿದವರ ಹೆಸರು ಅಳಿಸು, ಸುದ್ದಿಯ ಲಿಂಕನ್ನು ವೆಬ್ ಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನ್‌ಗೆ ಹಾಕು. ಶೀರ್ಷಿಕೆ ಸಂಜೆಗೆ ಬದಲಾಗಿರುತ್ತದೆ, ಕಾಮೆಂಟ್ ಮಾಯವಾಗಿರುತ್ತದೆ, ಅದಕ್ಕೇ ಈ ಪರದಾಟ.

ಜೊತೆಗೆ ಹೋಲಿಸಿ ನೋಡಲು ಡ್ರಗ್ಸ್ ಬಂಧನದ ಯೂಟ್ಯೂಬ್ ವಿಡಿಯೋಗಳನ್ನೂ ತೆಗೆದುಕೊಂಡಿದ್ದೇನೆ. ಒಂದು ಥಂಬ್‌ನೇಲ್ ನೋಡಿ: ಸಾಲಾಗಿ ನಿಂತ ಆರೋಪಿಗಳಲ್ಲಿ ಕಪ್ಪು ಮೈಬಣ್ಣದ ಒಬ್ಬನ ಮುಖಕ್ಕೆ ಮಾತ್ರ ಕೆಂಪು ವೃತ್ತ, ಮೇಲೊಂದು ಬಾಣ. ಪಕ್ಕದಲ್ಲಿರುವ ನಮ್ಮೂರಿನ ಇಬ್ಬರಿಗೆ ಏನೂ ಇಲ್ಲ. ಕಾಮೆಂಟಿನಲ್ಲಿ ಆ ಇಬ್ಬರ ಮಾತೇ ಇಲ್ಲ, ಇವರನ್ನೆಲ್ಲ ದೇಶ ಬಿಟ್ಟು ಓಡಿಸಿ ಅನ್ನುವುದೇ ಜಾಸ್ತಿ. ‘ಎಲ್ಲ’ ಅಂದರೆ ಓದಲು ಬಂದವರೂ ಸೇರಿ.

ಇಂಥವಕ್ಕೆ ನಾನೊಬ್ಬನೇ ಗುರುತು ಹಾಕಿದರೆ ನನ್ನ ಸಿಟ್ಟೇ ಶೀಟಿಗೆ ಇಳಿಯುತ್ತದೆ. ಅದಕ್ಕೆ ಗೆಳತಿಯೊಬ್ಬಳು ಅದೇ ವರದಿಗಳನ್ನು ಬೇರೆ ಕೂತು ಓದುತ್ತಿದ್ದಾಳೆ. ‘ಮಾತಾಡಿದವರು ಯಾರು’ ಕಾಲಂನಲ್ಲಿ ನಮ್ಮಿಬ್ಬರ ಉತ್ತರ ಹೊಂದುತ್ತದೆ, ‘ಧಾಟಿ’ ಕಾಲಂನಲ್ಲಿ ಸುಮ್ನೆ ಜಗಳ. ಅದನ್ನು ಬಹುಶಃ ಕಿತ್ತುಹಾಕುತ್ತೇವೆ.

ಮುಂದಿನ ಸರದಿ ಉತ್ತರ ಕನ್ನಡದ ಸಿದ್ದಿಗಳ, ಅಂದರೆ ಆಫ್ರಿಕಾ ಮೂಲದ ನಮ್ಮದೇ ಸಮುದಾಯದವರ, ಬಗೆಗಿನ ವಿಡಿಯೋಗಳದ್ದು. ಯಲ್ಲಾಪುರ, ಹಳಿಯಾಳದ ಕಡೆ ತಲೆಮಾರುಗಳಿಂದ ಇರುವವರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೂ ಬಂದರು. ಆದರೂ ಯಾವ ದೇಶದವರು ಅಂತ ಕೇಳುವವರು ಇದ್ದಾರೆ.

2016ರ ಫೆಬ್ರವರಿ ಮೊದಲ ವಾರದ ಕನ್ನಡ ಪತ್ರಿಕೆಗಳ ಬೆಂಗಳೂರು ಆವೃತ್ತಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ತಿಳಿಸಿ. ಫೋಟೋ ಹೊಡೆದು ಕಳಿಸಿದರೂ ಸಾಕು, ಆದರೆ ಇಡೀ ಪುಟ ಬೇಕು, ಕತ್ತರಿಸಿದ ತುಂಡು ಬೇಡ.