ನಮ್ಮ ಶಾಲೆಯ ವಿಜ್ಞಾನ ಕೋಣೆ: ಅಳೆದದ್ದು, ತಪ್ಪಿದ್ದು

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ನಮ್ಮ ಕನ್ನಡ ಶಾಲೆಯ ವಿಜ್ಞಾನ ಕೋಣೆಗೆ ಹೆಂಚಿನ ಮಾಡು. ಹೆಂಚು ತುಸು ಸರಿದ ಕಡೆಯಿಂದ ಬಿಸಿಲು ಇಳಿದು ನೆಲದಲ್ಲಿ ಉರುಟು ಬೊಟ್ಟಾಗಿ ಬೀಳುತ್ತಿತ್ತು. ಸಂದು ಮೂರು ಮೂಲೆಯದ್ದಾದರೂ ಬೊಟ್ಟು ಉರುಟೇ, ಏಕೆಂದರೆ ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. ಬೆಳಕಿನ ಪಾಠ ಅಲ್ಲಿಂದಲೇ ಶುರುವಾಗುತ್ತಿತ್ತು.

ನೋಡಿ ಬಿಡುವುದಲ್ಲ, ಅಳೆಯಬೇಕು. ಬಿಳಿ ರಟ್ಟನ್ನು ಕಿರಣಕ್ಕೆ ಸರಿಯಾಗಿ ಎದುರು ಹಿಡಿಯಬೇಕು. ನೆಲದ ಮೇಲೆಯೇ ಅಳೆದರೆ ಬಿಂಬ ಮೊಟ್ಟೆಯಂತೆ ಉದ್ದವಾಗಿ ಲೆಕ್ಕ ಕೆಡುತ್ತದೆ. ಸಂದಿನಿಂದ ರಟ್ಟಿನವರೆಗಿನ ದೂರವನ್ನೂ ಕಿರಣದ ದಾರಿಯಲ್ಲೇ ನೂಲು ಹಿಡಿದು ಅಳೆಯಬೇಕು, ನೆಟ್ಟಗೆ ನೆಲಕ್ಕಲ್ಲ. ದೂರ 4 ಮೀಟರ್ ಇದ್ದರೆ ಬಿಂಬದ ಅಗಲ ಸುಮಾರು 37 ಮಿಲಿಮೀಟರ್ ಬರಬೇಕು. ಸಂದು 5 ಮಿ.ಮೀ. ಅಗಲವಿದ್ದು, ಮಸುಕು ಅಂಚನ್ನೂ ಸೇರಿಸಿ ಅಳೆದರೆ 42 ಸಿಗುತ್ತದೆ. ಆ ಐದನ್ನು ಕಳೆಯಲು ಮರೆತವರ ಸೂರ್ಯ ಶೇಕಡಾ 13ರಷ್ಟು ದೊಡ್ಡದಾಗುತ್ತಿದ್ದ. 37ನ್ನು 4000ದಿಂದ ಭಾಗಿಸಿ, ಸೂರ್ಯನ ದೂರವಾದ 15 ಕೋಟಿ ಕಿಲೋಮೀಟರಿನಿಂದ ಗುಣಿಸಿದರೆ ಸುಮಾರು 14 ಲಕ್ಷ ಕಿ.ಮೀ., ಅಂದರೆ ಸೂರ್ಯನ ವ್ಯಾಸ. ಒಂದು ರಟ್ಟು, ಒಂದು ನೂಲು, ಒಂದು ಸ್ಕೇಲು ಸಾಕು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಕಾಸರಗೋಡು ಜಿಲ್ಲೆಯ ಮೇಲೆಯೇ ಹಾದುಹೋಯಿತು. ಚೆರುವತ್ತೂರಿಗೆ ಜನ ಹೋದರು. ಒಂಬತ್ತೂಕಾಲು ಕಳೆದ ಹೊತ್ತಿಗೆ ಹೆಂಚಿನ ಸಂದಿನ ಇಂಥ ಬೊಟ್ಟುಗಳೆಲ್ಲ ಬಳೆಗಳಾಗಿದ್ದವು. ಈ ಪಾಠ ಗೊತ್ತಿದ್ದವರಿಗೆ ಕನ್ನಡಕ ಇಲ್ಲದಿದ್ದರೂ ಗ್ರಹಣ ತಪ್ಪಲಿಲ್ಲ.

ವಿಜ್ಞಾನ ಮೇಳಕ್ಕೆ ತಯಾರಿ ಎಂದರೆ ಹಲವು ಕಡೆ ಥರ್ಮೋಕೋಲಿನ ಜ್ವಾಲಾಮುಖಿಯೇ. ಕೇರಳದ ಶಾಲಾ ವಿಜ್ಞಾನ ಮೇಳವಾದ ಶಾಸ್ತ್ರೋತ್ಸವದಲ್ಲಿ ಸ್ಟಿಲ್ ಮಾಡೆಲ್, ವರ್ಕಿಂಗ್ ಮಾಡೆಲ್ ಜೊತೆಗೆ ರಿಸರ್ಚ್ ಟೈಪ್ ಪ್ರಾಜೆಕ್ಟ್, ಇಂಪ್ರೊವೈಸ್ಡ್ ಎಕ್ಸ್‌ಪೆರಿಮೆಂಟ್ ಎಂಬ ವಿಭಾಗಗಳೂ ಇವೆ. ಶಾಲೆಯ ಶ್ರಮವೆಲ್ಲ ಈ ಕೊನೆಯ ಎರಡಕ್ಕೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾಡೆಲ್ ಮೇಳ ಮುಗಿದ ಮೇಲೆ ಕಪಾಟಿನ ಮೇಲೆ ಧೂಳು ತಿನ್ನುತ್ತದೆ. ಅಳತೆ ಕೈಗೆ ಹತ್ತಿದರೆ ಕಾಲೇಜಿನ ಪ್ರಯೋಗಾಲಯದವರೆಗೂ ಜೊತೆಗೆ ಬರುತ್ತದೆ.

ರಸಾಯನ ಶಾಸ್ತ್ರಕ್ಕೆ ನಮ್ಮೂರಲ್ಲಿ ಬೋರ್ಡೋ ದ್ರಾವಣಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಅಡಿಕೆಯ ಕೊಳೆರೋಗಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಮಹಾಳಿಗೆ, ಮಳೆ ಹಿಡಿಯುವ ಮೊದಲು ಒಮ್ಮೆ, ಮತ್ತೆ 40–45 ದಿನ ಕಳೆದು ಒಮ್ಮೆ ಎಲ್ಲರ ತೋಟದಲ್ಲೂ ಮದ್ದು ಬಿಡುತ್ತಾರೆ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಪ್ರತಿ ಮಗುವೂ ಆ ನೀಲಿಯನ್ನು ನೋಡಿಯೇ ಬಂದಿರುತ್ತದೆ. ತೋಟದ ಅಳತೆ 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ತರಗತಿಗೆ 10 ಗ್ರಾಂ, 10 ಗ್ರಾಂ, 1 ಲೀಟರ್.

ಮೈಲುತುತ್ತನ್ನು ಪುಡಿಮಾಡಿ ಅರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯಲ್ಲೇ ಕರಗಿಸಬೇಕು. ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಿದರೆ ಕಬ್ಬಿಣ ದ್ರಾವಣಕ್ಕಿಳಿದು ತಾಮ್ರ ಬಕೆಟ್ಟಿಗೆ ಅಂಟುತ್ತದೆ, ಮದ್ದು ಸಪ್ಪೆಯಾಗುತ್ತದೆ. ಸುಟ್ಟ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಬೇಕು. ಆಗ ಏಳುವ ಬಿಸಿಯನ್ನು ಥರ್ಮಾಮೀಟರಿನಲ್ಲಿ ಓದಿಸಬಹುದು, ಆದರೆ ಮುಖ ಹತ್ತಿರ ತರಬಾರದು, ಕಣ್ಣಿಗೆ ಹಾರಿದರೆ ಅಪಾಯ, ಕನ್ನಡಕ ಕಡ್ಡಾಯ. ಉಳಿದ ಅರ್ಧ ಲೀಟರ್ ನೀರು ಸೇರಿಸಿ ಸೋಸಿ, ಪೂರ್ತಿ ತಣಿದ ಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ಹಾಲಿಗೆ ನಿಧಾನವಾಗಿ ಹೊಯ್ಯುತ್ತಾ ಕಲಕಬೇಕು. ಬಿಸಿಯಲ್ಲೇ ಬೆರೆಸಿದರೆ ಕಣ ದೊಡ್ಡದಾಗಿ ಬೇಗ ತಳಕ್ಕಿಳಿಯುತ್ತದೆ, ಎಲೆಗೆ ಹಿಡಿಯುವುದಿಲ್ಲ. ತಣಿಸಿ ಬೆರೆಸಿದ್ದು, ಬಿಸಿಯಲ್ಲಿ ಬೆರೆಸಿದ್ದು ಎರಡನ್ನೂ ಎರಡು ಅಳತೆ ಜಾಡಿಯಲ್ಲಿಟ್ಟು ಹತ್ತು ಹತ್ತು ನಿಮಿಷಕ್ಕೆ ಎಷ್ಟು ಇಳಿಯಿತೆಂದು ಬರೆದರೆ ಗ್ರಾಫ್ ಬಿಡಿಸಲು ಅದೇ ಸಾಕು.

ಆಮೇಲೆ ಚೂರಿಯ ಪರೀಕ್ಷೆ. ಹೊಳೆಯುವಂತೆ ಉಜ್ಜಿದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಹಿಡಿದರೆ ಬಿಡಿ ತಾಮ್ರ ಉಳಿದಿದೆ, ಹುಳಿಯಿದೆ ಎಂದರ್ಥ. ಹಾಗೆಯೇ ಬಿಟ್ಟರೆ ಗೊನೆ ಸುಡುತ್ತದೆ. ಸುಣ್ಣದ ಹಾಲು ಸೇರಿಸಿ ಮತ್ತೆ ಅದ್ದಬೇಕು. ಲಿಟ್ಮಸ್ ಅದನ್ನೇ ಹೇಳುತ್ತದೆ, ಆದರೆ ತಾಮ್ರ ಕಬ್ಬಿಣದ ಮೇಲೆ ಕೂರುವುದನ್ನು ಕಣ್ಣಾರೆ ಕಂಡ ಮಗುವಿಗೆ ಸ್ಥಾನಪಲ್ಲಟ ಕ್ರಿಯೆಯನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಅಳತೆ ಸರಿಯಿದ್ದೂ ಕೆಂಪು ಬಂದರೆ ತಪ್ಪು ಸುಣ್ಣದ್ದು. ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗಿರುತ್ತದೆ. ಚಿಟಿಕೆ ಸುಣ್ಣಕ್ಕೆ ಎರಡು ಹನಿ ವಿನೆಗರ್ ಬಿಟ್ಟಾಗ ಬುರುಬುರು ನೊರೆ ಎದ್ದರೆ ಅದು ಹಳತು. ಉಳಿದ ದ್ರಾವಣವನ್ನು ಬಾವಿ, ಕೆರೆ, ಸುರಂಗದ ನೀರಿನ ಹತ್ತಿರ ಚೆಲ್ಲಬಾರದು, ಮೀನಿಗೆ ತಾಮ್ರ ವಿಷ.

ಗಡಿನಾಡಿನ ಶಾಲೆಗಳಿಗೆ ಮಾತ್ರ ಇರುವ ಒಂದು ತೊಡಕನ್ನು ಪಠ್ಯಕ್ರಮ ಮಾಡುವವರು ಬೇಗ ಮರೆಯುತ್ತಾರೆ, ಅದು ಶಬ್ದದ್ದು. ಕನ್ನಡ ಪುಸ್ತಕದಲ್ಲಿ 'ಜವ' ಎಂದರೆ ಸ್ಪೀಡ್, 'ವೇಗ' ಎಂದರೆ ವೆಲಾಸಿಟಿ. ಮಲೆಯಾಳದಲ್ಲಿ ಸ್ಪೀಡಿಗೇ 'ವೇಗ', ವೆಲಾಸಿಟಿಗೆ 'ಪ್ರವೇಗ'. ತರಬೇತಿಯಲ್ಲೋ ಟಿ.ವಿ. ಪಾಠದಲ್ಲೋ ಮಲೆಯಾಳ ಕೇಳಿ ಬಂದ ಮಗು 'ವೇಗಕ್ಕೆ ದಿಕ್ಕಿಲ್ಲ' ಎಂದು ಬರೆದರೆ ಅದರ ತಲೆಯಲ್ಲಿ ವಿಷಯ ಸರಿಯಾಗಿಯೇ ಇದೆ, ಅಂಕ ಮಾತ್ರ ಹೋಗುತ್ತದೆ. ವಿಜ್ಞಾನದ ಮಾಷ್ಟ್ರು ಗೋಡೆಗೆ ಮೂರು ಕಾಲಮಿನ ಪಟ್ಟಿ ತೂಗಿಸುತ್ತಿದ್ದರು: ಕನ್ನಡ, ಮಲೆಯಾಳ, ಇಂಗ್ಲಿಷ್, ಎಲ್ಲವೂ ಕನ್ನಡ ಲಿಪಿಯಲ್ಲಿ. ಪಾಠ ನಡೆದಂತೆ ವಾರಕ್ಕೆ ಐದಾರು ಶಬ್ದ ಸೇರುತ್ತಿದ್ದವು, ಒಮ್ಮೆಲೇ ನೂರಲ್ಲ. ಕಾಲೇಜಿಗೆ ಹೋದ ಮೊದಲ ತಿಂಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಹಿಂದೆ ಬೀಳುವುದು ಬುದ್ಧಿ ಕಡಿಮೆಯಾಗಿ ಅಲ್ಲ, ಈ ಮೂರನೆಯ ಕಾಲಮು ಇಲ್ಲದೆ. ದಯವಿಟ್ಟು ಆ ಪಟ್ಟಿಯನ್ನು ನಿಲ್ಲಿಸಬೇಡಿ.

ಮಳೆಗಾಲದ ಆರೈಕೆಯ ಬಗ್ಗೆ ಎರಡು ಮಾತು. ಜುಲೈ ತೇವಕ್ಕೆ ಮೈಕ್ರೋಸ್ಕೋಪಿನ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಲಿಟ್ಮಸ್ ಕಾಗದ ಕೆಡುತ್ತದೆ. ಎರಡನ್ನೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ದಂಡಕಾಂತಗಳನ್ನು ಜೋಡಿಯಾಗಿ, ವಿರುದ್ಧ ಧ್ರುವಗಳು ಒಂದೇ ಬದಿಗೆ ಬರುವಂತೆ, ತುದಿಗೆ ಮೆದು ಕಬ್ಬಿಣದ ತುಂಡಿಟ್ಟು ತೆಗೆದಿಡಿ. ರಜೆಗೆ ಮೊದಲು ಎಲ್ಲ ಉಪಕರಣಗಳಿಂದ ಬ್ಯಾಟರಿ ಬಿಚ್ಚಿ.

ಕೊನೆಗೆ ಶಾಲೆಯ ಮುಂದೆ ಒಂದು ಬೇಡಿಕೆ. ನಡುಹಗಲಿಗೆ ಸೂರ್ಯ ನೆತ್ತಿಯ ಮೇಲೆಯೇ ಬರುವ ನೆರಳಿಲ್ಲದ ದಿನ ನಮ್ಮಲ್ಲಿ ಏಪ್ರಿಲ್ 23ರ ಆಸುಪಾಸು ಬರುತ್ತದೆ, ಆಗ ರಜೆ. ಮತ್ತೆ ಆಗಸ್ಟ್ 20ರ ಹತ್ತಿರ, ಆಗ ಮೋಡ. ಅದನ್ನು ಕಾಯುವ ಬದಲು ಭೂಮಿಯ ಸುತ್ತಳತೆಯನ್ನೇ ಅಳೆಯಿರಿ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ಹೆಚ್ಚುಕಡಿಮೆ ನಮ್ಮದೇ ರೇಖಾಂಶದಲ್ಲಿದೆ, ಅಲ್ಲಿಯೂ ಗಡಿನಾಡಿನ ಕನ್ನಡ ಶಾಲೆಗಳಿವೆ. ಕಾಸರಗೋಡಿನಿಂದ ನೇರ ಉತ್ತರಕ್ಕೆ ಸುಮಾರು 500 ಕಿ.ಮೀ., ಅಕ್ಷಾಂಶದ ವ್ಯತ್ಯಾಸ ಸುಮಾರು ನಾಲ್ಕೂವರೆ ಡಿಗ್ರಿ. ಡಿಸೆಂಬರ್ ಮೊದಲ ವಾರ ಎರಡೂ ಕಡೆ ಆಕಾಶ ಸಾಮಾನ್ಯವಾಗಿ ಶುಭ್ರ. 1 ಮೀಟರ್ ಕೋಲಿನ ಅತಿ ಚಿಕ್ಕ ನೆರಳು ನಮ್ಮಲ್ಲಿ 69 ಸೆಂ.ಮೀ. ಹತ್ತಿರ, ಅಲ್ಲಿ 81ರ ಹತ್ತಿರ ಬರಬೇಕು. ನೆರಳಿನಿಂದ ಎರಡೂ ಕಡೆಯ ಬಿಸಿಲಿನ ಕೋನ ಸಿಗುತ್ತದೆ; ಆ ಕೋನಗಳ ವ್ಯತ್ಯಾಸಕ್ಕೆ 500 ಕಿ.ಮೀ. ಆದರೆ 360 ಡಿಗ್ರಿಗೆ ಎಷ್ಟೋ ಅದೇ ಸುತ್ತಳತೆ.

ಕೋಲನ್ನು ತೂಗುಗುಂಡಿನಿಂದ ನೆಟ್ಟಗೆ ಮಾಡಿ. ಅಂಗಳ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ, ಆದ್ದರಿಂದ ಹಲಗೆ ಹಾಕಿ ಮಟ್ಟಗೋಲು ಇಟ್ಟು ನೋಡಿ. 12 ಗಂಟೆಯಿಂದ 12:40ರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿ. ಸರಿಯಾಗಿ 12ಕ್ಕೆ ಅಳೆದು ಎದ್ದರೆ ತಪ್ಪುತ್ತದೆ, ನಮ್ಮ ನಡುಹಗಲು ಆ ವಾರ 12:20ರ ಹತ್ತಿರ. ನೆರಳಿನ ತುದಿ ಒಂದು ಸೆಂಟಿಮೀಟರಿಗೂ ಹೆಚ್ಚು ಮಸುಕಾಗಿರುತ್ತದೆ, ಅರ್ಧ ಸೆಂಟಿಮೀಟರ್ ತಪ್ಪಿದರೂ ಸುತ್ತಳತೆ ಶೇಕಡಾ ನಾಲ್ಕರಷ್ಟು ಕೆಡುತ್ತದೆ. ಅದಕ್ಕೆ ಕೋಲಿನ ತುದಿಗೆ ಸಣ್ಣ ತೂತಿನ ರಟ್ಟು ಸಿಕ್ಕಿಸಿ, ತೂತು ನೆಲದಿಂದ ಸರಿಯಾಗಿ 1 ಮೀಟರ್ ಎತ್ತರಕ್ಕಿರಲಿ. ನೆರಳಿನ ನಡುವೆ ಹೆಂಚಿನ ಸಂದಿನದ್ದೇ ಆ ಬೊಟ್ಟು ಬೀಳುತ್ತದೆ, ಅದರ ಮಧ್ಯವನ್ನು ಗುರುತಿಸಿ. ಎರಡೂ ಶಾಲೆಯವರು ಒಂದೇ ದಿನ ಅಳೆಯಬೇಕು. ಒಂದು ಕಡೆ ಮೋಡವಾದರೆ ಎರಡೂ ಕಡೆಯ ಅಳತೆ ಬಿಟ್ಟು ಮರುದಿನ ಮತ್ತೆ ಕೋಲು ನೆಡಿ.